ಮಡಿಕೇರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರ: ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕಿತು

ಸಿದ್ದಾಪುರದಿಂದ ತಮ್ಮನ ಜೊತೆ ಬರುವವಳು ನಾನು. ಮಾತ್ರೆ ಉಚಿತ, ಸರಿ. ಆದರೆ ಆಪ್ತಸಮಾಲೋಚಕಿ ಬಿಡಿಸಿ ಹೇಳುವ ರೀತಿಗೆ ನನ್ನ ಪೂರ್ತಿ ಅಂಕ. ಒಂದೇ ಮಾತ್ರೆಯಲ್ಲಿ ಮೂರು ಔಷಧ. ಟೆನೊಫೊವಿರ್, ಲ್ಯಾಮಿವುಡಿನ್ ಜೀವಕೋಶದೊಳಗೆ ಹೋಗಿ ರೂಪ ಬದಲಿಸಿಕೊಂಡ ಮೇಲೇ ಕೆಲಸ ಮಾಡುವುದಂತೆ. ಹೊರಹೋಗುವುದು ಮೂತ್ರಪಿಂಡದಿಂದ, ಅದಕ್ಕೇ ಕ್ರಿಯೇಟಿನಿನ್ ಪರೀಕ್ಷೆ. ಮೂರನೆಯದಾದ ಡೊಲುಟೆಗ್ರಾವಿರ್ ಮಾತ್ರ ಯಕೃತ್ತಿನ ಪಾಲು. ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು 14 ಗಂಟೆ ಬೇಕು, ಹಾಗಾಗಿ ದಿನಕ್ಕೊಂದು ಸಾಕು.

ತಮ್ಮನಿಗೆ ಕಬ್ಬಿಣದ ಮಾತ್ರೆಯೂ ಇದೆ. ಬರೀ ಹೊಟ್ಟೆಯಲ್ಲಿ ಎರಡನ್ನೂ ಒಟ್ಟಿಗೆ ನುಂಗಿದರೆ ಡೊಲುಟೆಗ್ರಾವಿರ್ ಕಬ್ಬಿಣಕ್ಕೆ ಅಂಟಿಕೊಂಡು ರಕ್ತ ಸೇರುವುದು ಕಡಿಮೆಯಾಗುತ್ತದೆ. ಡೊಲುಟೆಗ್ರಾವಿರ್ ಇರುವ ಮಾತ್ರೆ ಕಬ್ಬಿಣಕ್ಕಿಂತ 2 ಗಂಟೆ ಮೊದಲು, ಇಲ್ಲವೇ ಕಬ್ಬಿಣ ನುಂಗಿ 6 ಗಂಟೆ ಬಿಟ್ಟು ಎಂದು ಚೀಟಿಯಲ್ಲಿ ಬರೆದೇ ಕೊಟ್ಟರು. ಪ್ರತಿಕಾಯದ (ಆಂಟಿಬಾಡಿ) ಔಷಧ ಇಂಜೆಕ್ಷನ್ನೇ ಯಾಕೆ ಎಂದೂ ಕೇಳಿದೆ: ಅದು ಪ್ರೋಟೀನು, ನುಂಗಿದರೆ ಜೀರ್ಣವಾಗಿಬಿಡುತ್ತದೆ.