ನಾಲಗೆಯಡಿಯ ಮಾತ್ರೆ: ಮದ್ದು ಚೆನ್ನಾಗಿದೆ, ಸಿಗುವ ದಾರಿ ಕಷ್ಟ

ದಿನವಿಡೀ ನಿಂತು ದುಡಿಯುವ ಹೋಟೆಲ್ ಕೆಲಸಗಾರರ ಸೊಂಟನೋವಿಗೆ ಟ್ರಮಡಾಲ್ ಎಂಬ ಅಫೀಮಿನ ಗುಣದ ನೋವುಮಾತ್ರೆ ಬರೆದುಕೊಡುವುದು ಮುಂಬಯಿಯಲ್ಲಿ ಹೊಸತಲ್ಲ. ವಾರಕ್ಕೆಂದು ಕೊಟ್ಟದ್ದು ತಿಂಗಳುಗಟ್ಟಲೆ ನಡೆದರೆ ನೋವಿಲ್ಲದ ದಿನವೂ ಮಾತ್ರೆ ಬೇಕಾಗುತ್ತದೆ. ತಪ್ಪಿದರೆ ಆಕಳಿಕೆ, ಮೂಗು ಸೋರುವುದು, ಮೈಕೈ ಹಿಂಡುವ ನೋವು, ಭೇದಿ. ದಿನಕ್ಕೆ 400 ಮಿ.ಗ್ರಾಂ ದಾಟಿದರೆ ಫಿಟ್ಸ್ ಬರುವ ಅಪಾಯ ಏರುತ್ತದೆ. ಖಿನ್ನತೆಯ ಕೆಲವು ಮಾತ್ರೆಗಳು ಜೊತೆಗಿದ್ದರೆ ಅದಕ್ಕಿಂತ ಕಡಿಮೆಯಲ್ಲೂ ಬರಬಹುದು. 37.5 ಮಿ.ಗ್ರಾಂ ಟ್ರಮಡಾಲ್ ಜೊತೆ 325 ಮಿ.ಗ್ರಾಂ ಪ್ಯಾರಸಿಟಮಾಲ್ ಸೇರಿದ ಮಾತ್ರೆಯನ್ನು ದಿನಕ್ಕೆ 13 ನುಂಗಿದರೆ ಪ್ಯಾರಸಿಟಮಾಲ್ 4 ಗ್ರಾಂ ದಾಟಿ ಲಿವರ್‌ಗೂ ಪೆಟ್ಟು. 2018ರಲ್ಲೇ ಟ್ರಮಡಾಲ್ ಮಾದಕವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಡಿ ಬಂದಿದೆ.

ಕಡಿಮೆ ಪ್ರಮಾಣದಲ್ಲಿ ಅಂಟಿಕೊಂಡವರಿಗೆ ಡಾಕ್ಟರು ಟ್ರಮಡಾಲನ್ನೇ ನಿಧಾನಕ್ಕೆ ಇಳಿಸಬಹುದು. ಬಲವಾಗಿ ಅಂಟಿಕೊಂಡವರಿಗೆ ನಾವು ಧೈರ್ಯವಾಗಿ ಹೇಳುವ ಮದ್ದು, ಬಿಟ್ಟಾಗಿನ ಕಷ್ಟವನ್ನೂ ಚಟದ ಸೆಳೆತವನ್ನೂ ತಗ್ಗಿಸುವ ಬುಪ್ರೆನಾರ್ಫಿನ್–ನಲೊಕ್ಸೋನ್. 2 ಮಿ.ಗ್ರಾಂ ಬುಪ್ರೆನಾರ್ಫಿನ್‌ಗೆ 0.5 ಮಿ.ಗ್ರಾಂ ನಲೊಕ್ಸೋನ್ ಸೇರಿದ ಮಾತ್ರೆ ನಮ್ಮಲ್ಲಿ ಬಳಕೆಯಲ್ಲಿದೆ. ನುಂಗಿದರೆ ಹೆಚ್ಚಿನ ಪಾಲು ಲಿವರ್‌ನಲ್ಲೇ ಕರಗಿ ವ್ಯರ್ಥ. ನಾಲಗೆಯಡಿ ಇಟ್ಟು, ಮಾತಾಡದೆ, ನೀರು ಕುಡಿಯದೆ, ಪೂರ್ತಿ ಕರಗುವ ತನಕ ಐದು-ಹತ್ತು ನಿಮಿಷ ಕೂರಬೇಕು. ಆಮೇಲೆ ಬಾಯಿ ಮುಕ್ಕಳಿಸಿ. ಹಲ್ಲುಜ್ಜುವುದು ಒಂದು ತಾಸಿನ ನಂತರ, ಇಲ್ಲವಾದರೆ ಹಲ್ಲು ಸವೆಯುತ್ತದೆ. ನಲೊಕ್ಸೋನ್ ನಾಲಗೆಯಡಿ ಹೆಚ್ಚೇನೂ ಹತ್ತದು. ಮಾತ್ರೆಯನ್ನು ಕರಗಿಸಿ ಸೂಜಿಯಲ್ಲಿ ಚುಚ್ಚಿಕೊಂಡರೆ ಮಾತ್ರ ಅದು ಅಫೀಮಿನ ಪರಿಣಾಮ ತಡೆದು, ಮಾತ್ರೆ ತಪ್ಪಿದಾಗಿನ ಕಷ್ಟ ಎಬ್ಬಿಸುತ್ತದೆ, ದುರ್ಬಳಕೆ ತಡೆಯಲೆಂದೇ ಅದನ್ನು ಸೇರಿಸಿದ್ದಾರೆ.

ಜನ ಸೋಲುವುದು ಹೆಚ್ಚಾಗಿ ಮೊದಲ ದಿನ. ಹಳೆಯ ಮಾತ್ರೆ ಮೈಯಲ್ಲಿ ಇರುವಾಗಲೇ ಇದನ್ನು ಇಟ್ಟರೆ, ಇದು ಅದನ್ನು ತಳ್ಳಿ ತಾನು ಕೂತುಬಿಡುತ್ತದೆ. ಒಂದು ತಾಸಿನೊಳಗೆ ವಾಂತಿ, ಭೇದಿ, ನಡುಕ. 'ಮದ್ದು ಆಗಿಬರಲಿಲ್ಲ' ಎಂದು ಓಡಿಹೋಗುವವರಲ್ಲಿ ಹಲವರಿಗೆ ಆಗಿರುವುದು ಇದೇ. ಸಾಮಾನ್ಯ ಮಾತ್ರೆ ಕಡೆಯದಾಗಿ ತಿಂದು 12ರಿಂದ 24 ತಾಸು ಕಳೆದು, ಮಾತ್ರೆ ತಪ್ಪಿದ ಕಷ್ಟ ಎದ್ದು ಕಾಣುವಾಗಲೇ 2ರಿಂದ 4 ಮಿ.ಗ್ರಾಂ ಬುಪ್ರೆನಾರ್ಫಿನ್‌ನಿಂದ ಶುರು, ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆಗಳಿಗೆ ಇನ್ನೂ ಹೆಚ್ಚು ಕಾಯಬೇಕು. ಯಾವುದು, ಎಷ್ಟು ತಿಂದಿರಿ ಎಂಬುದನ್ನು ಡಾಕ್ಟರಿಂದ ಮುಚ್ಚಿಡಬೇಡಿ, ದಯವಿಟ್ಟು.

ಎರಡನೆಯ ತಪ್ಪು ಬೇಗ ಬಿಡುವುದು. ಹತ್ತು ದಿನದಲ್ಲಿ ಚೆನ್ನಾಗಿದ್ದೇನೆ ಎಂದು ಬಿಟ್ಟವರ ಮೈ ಟ್ರಮಡಾಲಿನ ಹಳೆಯ ಡೋಸ್ ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಮತ್ತೆ ಅಷ್ಟೇ ತಿಂದರೆ ಉಸಿರು ನಿಲ್ಲಬಹುದು. ಕಣ್ಣಪಾಪೆ ಸೂಜಿಮೊನೆಯಷ್ಟು ಕುಗ್ಗಿ, ತುಟಿ ನೀಲಿಯಾಗಿ, ಉಸಿರು ಇಳಿದರೆ ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಈ ಮಾತ್ರೆಯ ಜೊತೆಗೂ ಮದ್ಯ, ನಿದ್ರೆಮಾತ್ರೆ ಕೂಡದು.

ಬೇಸರವಿರುವುದು ವ್ಯವಸ್ಥೆಯ ಬಗ್ಗೆ. ಬೀದಿಯ ಮೆಡಿಕಲ್‌ನಲ್ಲಿ ಇದನ್ನು ಹುಡುಕಬೇಡಿ. ಮನೋವೈದ್ಯ ವಿಭಾಗ ಅಥವಾ ವ್ಯಸನಮುಕ್ತಿ ಕೇಂದ್ರದ ಮೂಲಕವೇ ಹೋಗಬೇಕು. ಮಾಟುಂಗದವರಿಗೆ ಸಾಯನ್ ಆಸ್ಪತ್ರೆ ಹತ್ತಿರ, ಪರೇಲಿನಲ್ಲಿ ಕೆಇಎಂ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ (ಆಸ್ಪತ್ರೆಯ ನೋಂದಣಿ ಚೀಟಿ) ಮಾಡಿಸಿ. ಡೋಸಿಗಾಗಿ ಮೊದಮೊದಲು ದಿನವೂ ಬರಲು ಹೇಳುವ ಕಡೆ, ಬೆಳಗಿನ ತಿಂಡಿಯ ಪಾಳಿಯವರಿಗೆ ಸಂಬಳವೇ ಕೈತಪ್ಪುತ್ತದೆ. ಮಾಲೀಕರು ಎರಡು ವಾರ ಪಾಳಿ ಬದಲಿಸಿಕೊಟ್ಟರೆ ಒಂದು ಜೀವ ಉಳಿಯಬಹುದು. ಮರಾಠಿ-ಹಿಂದಿಯಲ್ಲಿ ಮನಸ್ಸು ಬಿಚ್ಚಲು ಆಗದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡವೂ ಇದೆ.

ಕೋಲಕ್ಕೋ ಮದುವೆಗೋ ಊರಿಗೆ ಹೊರಟರೆ ಅಷ್ಟು ದಿನದ ಮಾತ್ರೆ, ಡೋಸ್ ಬರೆದ ಪತ್ರ ಎರಡನ್ನೂ ಟಿಕೆಟ್ ತೆಗೆಯುವ ಮೊದಲೇ ಕೇಳಿಡಿ.