ಬೆಳ್ಳಗಿರುವುದೆಲ್ಲ ಹಾಲಲ್ಲ: ಕಚೇರಿಯ ಕಾರುಗಳಿಗೆ ‘ಪರ್ಲ್ ವೈಟ್’ ಆರಿಸಿ ನಾನು ಕೆಟ್ಟ ಕಥೆ

ಸಂಸ್ಥೆಯೊಂದರ ವಾಹನಗಳ ಉಸ್ತುವಾರಿ ನನ್ನದು. ಒಂದೇ ಮಾದರಿಯ ದೊಡ್ಡ ಸೆಡಾನ್‌ಗಳನ್ನು ಐದೋ ಹತ್ತೋ ಒಟ್ಟಿಗೆ ಕೊಳ್ಳಲು ಹೊರಟವರು ಯಾರಾದರೂ ಇದ್ದರೆ, ಬಣ್ಣದ ಕಾಲಂ ತುಂಬುವ ಮೊದಲು ಇದನ್ನೊಮ್ಮೆ ಓದಲಿ ಎಂದು ಬರೆಯುತ್ತಿದ್ದೇನೆ. ಎಂಜಿನ್, ಮೈಲೇಜು, ಹಿಂದಿನ ಸೀಟಿನ ಕಾಲಿನ ಜಾಗ, ಡಿಕ್ಕಿಯ ಅಳತೆ ಎಂದು ನಾನು ಮೂರು ವಾರ ತಲೆ ಕೆಡಿಸಿಕೊಂಡಿದ್ದೆ. ಬಣ್ಣಕ್ಕೆ ಕೊಟ್ಟ ಸಮಯ ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೆ ನಾಲ್ಕು ವರ್ಷ ದಂಡ ತೆತ್ತಿದ್ದೇನೆ.

ನಮಗೆ ಬೇಕಿದ್ದದ್ದು ಎಂಟು ಕಾರು. ಮೇಲಿನವರ ಬೇಡಿಕೆ ಒಂದೇ: “ಟ್ಯಾಕ್ಸಿಯಂತೆ ಕಾಣಬಾರದು.” ಒಟ್ಟಿಗೆ ಕೊಳ್ಳುವವರಿಗೆಂದು ಶೋರೂಮಿನವರು ಕೊಟ್ಟ ಪಟ್ಟಿಯಲ್ಲಿ ಮಾಮೂಲಿ ಬಿಳಿ, ಕಪ್ಪು, ಬೆಳ್ಳಿ, ಬೂದು ಇವಿಷ್ಟಕ್ಕೆ ಹೆಚ್ಚುವರಿ ಹಣವಿರಲಿಲ್ಲ. ಕೆಳಗೆ ಗೆರೆ ಎಳೆದು, ಹೆಚ್ಚು ಹಣ ಕೊಟ್ಟರೆ ಸಿಗುವ ಬಣ್ಣಗಳು: ಮೆಟಾಲಿಕ್ ನೀಲಿ, ಗಾಢ ಕೆಂಪು, ಪರ್ಲ್ ವೈಟ್. ನೀಲಿ, ಕೆಂಪು ಕಚೇರಿಗೆ ಒಪ್ಪುವುದಿಲ್ಲ ಎನ್ನಿಸಿತು. ಪರ್ಲ್ ವೈಟ್ ಕಂಡೊಡನೆ ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ. ಬಿಳಿಯೂ ಆಯಿತು, ಗತ್ತೂ ಬಂತು. ಆರು ಕಾರು ಕೂಡಲೇ ಸಿಗುತ್ತವೆ, ಉಳಿದೆರಡಕ್ಕೆ ಎರಡು ತಿಂಗಳು ಕಾಯಬೇಕು ಎಂದರು. ಕಾಯುವಷ್ಟು ಪುರುಸೊತ್ತು ಇರಲಿಲ್ಲ. “ಆ ಎರಡನ್ನು ಮಾಮೂಲಿ ಬಿಳಿಯಲ್ಲೇ ಕೊಟ್ಟುಬಿಡುತ್ತೇನೆ ಸರ್, ಬಿಳಿ ಬಿಳಿಯೇ ಅಲ್ಲವೇ?” ಎಂದರು ಮಾರಾಟದವರು. ನಾನೂ ತಲೆಯಾಡಿಸಿದೆ.

ಎಂಟೂ ಕಾರುಗಳು ಬಂದು ಸಾಲಾಗಿ ನಿಂತ ಬೆಳಿಗ್ಗೆಯೇ ಮೊದಲ ಪೆಟ್ಟು ಬಿತ್ತು. ಮಾಮೂಲಿ ಬಿಳಿಯ ಎರಡು ಕಾರುಗಳು ನೀಲಿ ಹಾಕಿ ತೊಳೆದ ಬಟ್ಟೆಯಂತಿದ್ದವು. ಪಕ್ಕದ ಆರು ಕೆನೆಯ ಬಣ್ಣಕ್ಕೆ ತಿರುಗಿದಂತೆ ಕಾಣುತ್ತಿದ್ದವು. ಬೇರೆ ಬೇರೆಯಾಗಿ ನೋಡಿದರೆ ಎರಡೂ ಚೆನ್ನ. ಅಕ್ಕಪಕ್ಕ ನಿಲ್ಲಿಸಿದರೆ ಆರು ಕಾರು ಹಳೆಯವು, ಎರಡು ಹೊಸವು ಎಂಬಂತೆ. ಹತ್ತಿರ ಹೋಗಿ ನೋಡಿದಾಗ ಇನ್ನೊಂದು ಕಂಡಿತು. ಹೊಚ್ಚ ಹೊಸ ಪರ್ಲ್ ಕಾರಿನಲ್ಲೇ ಬಂಪರಿನ ಬಣ್ಣಕ್ಕೂ ಅದರ ಪಕ್ಕದ ಲೋಹದ ಭಾಗದ ಬಣ್ಣಕ್ಕೂ ಕೂದಲೆಳೆಯ ವ್ಯತ್ಯಾಸ. ದೋಷವೆಂದು ದೂರು ಕೊಟ್ಟೆ. ದೋಷವಲ್ಲ ಎಂಬ ಉತ್ತರ ಬಂತು. ಆಮೇಲೆ ತಿಳಿದದ್ದು: ಉಕ್ಕಿನ ಮೈಗೆ ಬಳಿದ ಬಣ್ಣವನ್ನು ಕಾರ್ಖಾನೆಯಲ್ಲಿ ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಪ್ಲಾಸ್ಟಿಕ್ ಬಂಪರ್ ಅಷ್ಟು ಶಾಖ ತಾಳುವುದಿಲ್ಲ. ಅದಕ್ಕೆ ಬೇರೆ ಬಣ್ಣ, ಕಡಿಮೆ ಶಾಖ, ಎಷ್ಟೋ ಸಲ ಬೇರೆ ಕಾರ್ಖಾನೆ. ಹೊಳಪಿನ ಚೂರುಗಳಿಲ್ಲದ ಮಾಮೂಲಿ ಬಣ್ಣಗಳಲ್ಲಿ ಈ ಭೇದ ಅಷ್ಟಾಗಿ ಕಾಣಿಸುವುದಿಲ್ಲ. ಹೊಳಪಿನ ಬಣ್ಣಗಳಲ್ಲಿ ಕಾಣಿಸುತ್ತದೆ.

ಏಕೆ ಕಾಣಿಸುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಎಲ್ಲ ಕಷ್ಟದ ಬೇರು ಅಲ್ಲಿದೆ. ಮಾಮೂಲಿ ಬಿಳಿಯಲ್ಲಿ ಇರುವುದು ಮುಖ್ಯವಾಗಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಯ ಪುಡಿ. ಅದು ಬೆಳಕನ್ನು ಎಲ್ಲ ದಿಕ್ಕಿಗೂ ಒಂದೇ ಸಮನೆ ಚೆದುರಿಸುತ್ತದೆ. ಎಡಕ್ಕೆ ನಿಂತು ನೋಡಿ, ಬಲಕ್ಕೆ ನಿಂತು ನೋಡಿ, ಬಿಳಿ ಬಿಳಿಯೇ. ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂ ಚೂರುಗಳಿರುತ್ತವೆ. ಅವು ಹೇಗೆ ಮಲಗಿವೆ ಎಂಬುದರ ಮೇಲೆ ಬಣ್ಣ ತಿಳಿಯಾಗುತ್ತದೆ ಅಥವಾ ಗಾಢವಾಗುತ್ತದೆ. ಪರ್ಲ್ ವೈಟ್ ಸಾಮಾನ್ಯವಾಗಿ ಮೂರು ಪದರದ ಬಣ್ಣ: ಕೆಳಗೆ ಬಿಳಿಯ ಬೇಸ್ ಕೋಟ್, ನಡುವೆ ಅಭ್ರಕದ ಚೂರುಗಳಿರುವ ಅರೆಪಾರದರ್ಶಕ ಪದರ, ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಬೆಳಕು ನಡುವಿನ ಪದರವನ್ನು ಹಾದು, ಕೆಳಗಿನ ಬಿಳಿಗೆ ತಗುಲಿ, ಮತ್ತೆ ಅದೇ ಪದರವನ್ನು ಹಾದು ಹೊರಬರುತ್ತದೆ. ಅಂದರೆ ನಡುವಿನ ಪದರ ಎಷ್ಟು ದಪ್ಪ ಎಂಬುದೇ ಬಣ್ಣ. ಕಾರ್ಖಾನೆಯ ರೋಬೋಟ್ ದಿನವಿಡೀ ಒಂದೇ ದೂರದಿಂದ, ಒಂದೇ ವೇಗದಲ್ಲಿ ಸಿಂಪಡಿಸುತ್ತದೆ. ಗ್ಯಾರೇಜಿನ ಮನುಷ್ಯನ ಕೈ ರೋಬೋಟ್ ಅಲ್ಲ.

ಏಳನೆಯ ವಾರದಲ್ಲಿ ಒಂದು ಕಾರಿನ ಹಿಂದಿನ ಬಲಬಾಗಿಲು ಪಾರ್ಕಿಂಗ್ ಕಂಬಕ್ಕೆ ಉಜ್ಜಿತು. ದೊಡ್ಡ ಗಾಯವೇನಲ್ಲ, ಅಂಗೈ ಅಗಲ. “ಸಂಜೆಗೆ ಕೊಡುತ್ತೇನೆ” ಎಂದ ಗ್ಯಾರೇಜಿಗೆ ಕಳುಹಿಸಿದೆ. ಆತ ಮೂರು ಪದರದ ತಂಟೆಗೇ ಹೋಗದೆ, ಕಣ್ಣಳತೆಯಲ್ಲಿ ಹೊಂದುವ ಬಿಳಿಯೊಂದನ್ನು ಕಲಸಿ ಬಾಗಿಲಿಗಷ್ಟೇ ಬಳಿದಿದ್ದಾನೆಂಬುದು ಆಮೇಲೆ ತಿಳಿಯಿತು. ಸಂಜೆ ಅವನ ಟ್ಯೂಬ್‌ಲೈಟಿನ ಕೆಳಗೆ ಬಾಗಿಲು ಎಷ್ಟು ಚೆನ್ನಾಗಿ ಹೊಂದಿತ್ತೆಂದರೆ ಭಕ್ಷೀಸು ಕೊಟ್ಟು ಬಂದೆ! ಮರುದಿನ ಬಿಸಿಲಿಗೆ ನಿಲ್ಲಿಸಿದರೆ ಬಾಗಿಲು ಸುಣ್ಣ, ಉಳಿದ ಕಾರು ಮುತ್ತು. ಒಂದು ಬೆಳಕಿನಲ್ಲಿ ಒಂದೇ ಎನ್ನಿಸುವ ಎರಡು ಬಣ್ಣ ಇನ್ನೊಂದು ಬೆಳಕಿನಲ್ಲಿ ಬೇರೆಯಾಗುವುದಕ್ಕೆ ಮೆಟಾಮೆರಿಸಂ ಎಂದು ಹೆಸರಿದೆಯಂತೆ. ಹೆಸರು ತಿಳಿದು ನನಗಾದ ಪ್ರಯೋಜನವೇನೂ ಇಲ್ಲ. ಚಾಲಕ ಮಾತ್ರ ಗಂಭೀರವಾಗಿ ಕೇಳಿದ: “ಈ ಬಾಗಿಲು ಬೇರೆ ಕಾರಿನದ್ದೇ ಸರ್?”

ಎರಡನೆಯ ಗ್ಯಾರೇಜಿನ ಪೇಂಟರ್ ವಯಸ್ಸಾದವರು, ಮಿತಭಾಷಿ. ಸಣ್ಣ ತಗಡಿನ ನಾಲ್ಕು ತುಂಡುಗಳಿಗೆ ಒಂದೇ ಬೇಸ್ ಬಳಿದು, ನಡುವಿನ ಪದರವನ್ನು ಮೊದಲನೆಯದಕ್ಕೆ ಒಂದು ಸಲ, ಎರಡನೆಯದಕ್ಕೆ ಎರಡು ಸಲ, ಹೀಗೆ ನಾಲ್ಕರವರೆಗೆ ಸಿಂಪಡಿಸಿ, ಒಣಗಿಸಿ, ಕಾರಿನ ಮೈಗೆ ಹಿಡಿದು ತೋರಿಸಿದರು. ಡಬ್ಬಿ ಒಂದೇ, ಬಣ್ಣ ನಾಲ್ಕು! ಮೂರನೆಯದು ಹೊಂದಿತು. ಆದರೂ ಬಾಗಿಲೊಂದಕ್ಕೇ ಬಳಿದು ಕೊಡಲು ಅವರು ಒಪ್ಪಲಿಲ್ಲ. ಮುಂದಿನ ಬಾಗಿಲಿನ ಮೇಲೂ ಹಿಂದಿನ ಚಕ್ರದ ಮೇಲ್ಭಾಗದ ಮೇಲೂ ಹೊಸ ಬಣ್ಣವನ್ನು ತೆಳುವಾಗುತ್ತ ಹೋಗುವಂತೆ ಬೆರೆಸಬೇಕು, ಆಗ ಮಾತ್ರ ಕಣ್ಣಿಗೆ ಗಡಿ ಸಿಗುವುದಿಲ್ಲ ಎಂದರು. ಅಂಗೈ ಅಗಲದ ಉಜ್ಜಿಗೆ ಮೂರು ಭಾಗಗಳ ಕೆಲಸ, ಐದು ದಿನ. ಅಷ್ಟೂ ದಿನ ಬಾಡಿಗೆಯ ಕಾರು ತರಿಸಿದೆ. ಬಂದದ್ದು ಒಂದು ಬಿಳಿಯ ಟ್ಯಾಕ್ಸಿ!

ಮೊದಲ ವರ್ಷ ಎಂಟು ಕಾರುಗಳಿಗೆ ಹನ್ನೊಂದು ಉಜ್ಜುಗಳಾದವು. ನಮ್ಮ ಚಾಲಕರು ಕೆಟ್ಟವರೇನಲ್ಲ. ಐದು ಮೀಟರ್ ಹತ್ತಿರದ ಉದ್ದದ ಕಾರನ್ನು ದಿನವಿಡೀ ಇಕ್ಕಟ್ಟಿನಲ್ಲಿ ತಿರುಗಿಸುವವರಿಗೆ ಇದು ಆಗಿಯೇ ತೀರುತ್ತದೆ. ಸ್ವಂತ ಕಾರಿಗೆ ಗೀರು ಬಿದ್ದರೆ ಅಪಘಾತ. ಕಚೇರಿಯ ಕಾರಿಗೆ ಅದು ದಿನಚರಿ. ಹೀಗಿರುವಾಗ ಬಣ್ಣವನ್ನು ಶೋರೂಮಿನ ದೀಪದ ಕೆಳಗೆ ಹೇಗೆ ಹೊಳೆಯುತ್ತದೆ ಎಂದು ನೋಡಿ ಆರಿಸುವುದಲ್ಲ, ಎರಡನೆಯ ಸಲ ಬಳಿದಾಗ ಹೇಗೆ ಕೂಡಿಕೊಳ್ಳುತ್ತದೆ ಎಂದು ಕೇಳಿ ಆರಿಸಬೇಕಿತ್ತು. ಆ ಪ್ರಶ್ನೆಯನ್ನು ಶೋರೂಮಿನಲ್ಲಿ ಕೇಳಬೇಡಿ, ಅಲ್ಲಿ ಉತ್ತರ ಸಿಗುವುದಿಲ್ಲ. ಗ್ಯಾರೇಜಿನ ಪೇಂಟರನ್ನು ಕೇಳಿ. ನಮ್ಮ ಮಾಮೂಲಿ ಬಿಳಿಯ ಎರಡು ಕಾರುಗಳ ಮೂರು ಉಜ್ಜುಗಳು ಒಂದೊಂದು, ಎರಡೆರಡು ದಿನದಲ್ಲಿ ಸರಿಯಾಗಿ ಬಂದವು. ಇಂದು ಎಲ್ಲಿ ಉಜ್ಜಿತ್ತೆಂದು ನನಗೇ ಗುರುತಿಲ್ಲ.

ಮುಂದಿನ ವರ್ಷ ಇನ್ನೆರಡು ಕಾರು ಬೇಕಾದವು. ಮಾಡಿದ ತಪ್ಪಿನ ಜೊತೆಗೇ ಹೊಂದಿಕೊಳ್ಳೋಣ ಎಂದು ಮತ್ತೆ ಪರ್ಲ್ ವೈಟ್ ಬರೆಸಿದೆ. ಬಂದ ಕಾರುಗಳ ಬಿಳಿ ಹಿಂದಿನ ಆರರದ್ದಲ್ಲ. ಪಟ್ಟಿಯಲ್ಲಿ ಹೆಸರು ಅದೇ ಇತ್ತು. ಕಾರ್ಖಾನೆ ಬಣ್ಣವನ್ನು ಬದಲಿಸಿ ಹೆಸರನ್ನು ಉಳಿಸಿಕೊಂಡಿತ್ತು. ಬಣ್ಣದ ಹೆಸರು ಇಡುವವರು ಜಾಹೀರಾತಿನವರು. ನಂಬಬೇಕಾದ್ದು ಪೇಂಟ್ ಕೋಡನ್ನು. ಅನೇಕ ಕಾರುಗಳಲ್ಲಿ ಅದು ಚಾಲಕನ ಬಾಗಿಲು ತೆರೆದಾಗ ಕಾಣುವ ಚೌಕಟ್ಟಿನ ಮೇಲಿನ ಚೀಟಿಯಲ್ಲಿರುತ್ತದೆ, ಕೆಲವದರಲ್ಲಿ ಬಾನೆಟ್ಟಿನ ಕೆಳಗೆ. ಕೆಲವೇ ಅಕ್ಷರ, ಅಂಕಿಗಳ ಆ ಕೋಡನ್ನು ಆರ್ಡರಿನಲ್ಲಿ ಬರೆಸಿಕೊಳ್ಳಿ, ಹೆಸರನ್ನಲ್ಲ. ಕೋಡ್ ಒಂದೇ ಆದರೂ ತಯಾರಾದ ಕಾರ್ಖಾನೆ, ವರ್ಷಗಳಿಗೆ ತಕ್ಕಂತೆ ಛಾಯೆ ಚೂರುಪಾರು ಸರಿದಿರುತ್ತದೆ. ಬಣ್ಣದ ಕಂಪನಿಗಳು ಒಂದೇ ಕೋಡಿಗೆ ಹಲವು ಉಪಸೂತ್ರಗಳನ್ನು ಇಟ್ಟುಕೊಂಡಿರುವುದು ಅದಕ್ಕಾಗಿಯೇ.

ಕಪ್ಪಿನ ಬಗ್ಗೆ ಎರಡು ಮಾತು, ಏಕೆಂದರೆ ನಿರ್ದೇಶಕರಿಗೆಂದು ಕಪ್ಪು ಕಾರೊಂದು ಬೇರೆಯಾಗಿ ಬಂದಿತ್ತು. ತೊಳೆದ ಅರ್ಧ ಗಂಟೆ ಅದರಷ್ಟು ಚಂದದ ಕಾರು ಇನ್ನೊಂದಿಲ್ಲ. ಬ್ರಷ್ಷಿನ ಯಂತ್ರದಲ್ಲಿ ಹತ್ತು ಸಲ ತೊಳೆಸಿದ ಮೇಲೆ ಬಿಸಿಲಿನಲ್ಲಿ ಜೇಡರ ಬಲೆಯಂತೆ ಸುತ್ತುಗೀರುಗಳು ಎದ್ದವು. ಬಿಳಿಯ ಮೇಲೂ ಅಷ್ಟೇ ಗೀರುಗಳಿರುತ್ತವೆ, ಕಾಣುವುದಿಲ್ಲ, ಅಷ್ಟೇ. ಇನ್ನು ಶಾಖ: ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು ಒಂದೇ ಮಾದರಿಯ ಕಪ್ಪು ಮತ್ತು ಬೆಳ್ಳಿ ಬಣ್ಣದ ಎರಡು ಸೆಡಾನ್‌ಗಳನ್ನು ಬಿಸಿಲಿನಲ್ಲಿ ನಿಲ್ಲಿಸಿ ಅಳೆದು 2011ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಬೆಳ್ಳಿ ಕಾರಿನ ಒಳಗಾಳಿ 5ರಿಂದ 6 ಡಿಗ್ರಿ ತಣ್ಣಗಿತ್ತು. ನಮ್ಮ ನಿರ್ದೇಶಕರಿಗೆ ಪ್ರಯೋಗಾಲಯ ಬೇಕಾಗಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಬಾಗಿಲು ತೆರೆದರೆ ಸಾಕಾಗಿತ್ತು. 1914ರಿಂದ 1925ರವರೆಗೆ ಫೋರ್ಡ್ ತನ್ನ ಮಾಡೆಲ್ ಟಿ ಕಾರನ್ನು ಕಪ್ಪಿನಲ್ಲಷ್ಟೇ ಮಾರಿತು. ಆರಿಸಲು ಬಣ್ಣವೇ ಇಲ್ಲದ ಆ ಕಾಲದ ವಾಹನ ಉಸ್ತುವಾರಿಯ ಮೇಲೆ ನನಗೆ ಆಗಾಗ ಹೊಟ್ಟೆಕಿಚ್ಚಾಗುತ್ತದೆ.

ಎಲ್ಲಕ್ಕಿಂತ ದುಬಾರಿಯಾದ ಪಾಠ ಮಾರುವಾಗ ಬಂತು. ಎಲ್ಲ ಕಾರುಗಳ ಬಾಗಿಲ ಮೇಲೂ ಸಂಸ್ಥೆಯ ಹೆಸರಿನ ವಿನೈಲ್ ಸ್ಟಿಕ್ಕರ್ ಅಂಟಿಸಿದ್ದೆವು. ನಾಲ್ಕು ವರ್ಷದ ನಂತರ ಕಿತ್ತರೆ ಹೆಸರು ಹೋಗಲಿಲ್ಲ: ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿತ್ತು, ಸ್ಟಿಕ್ಕರಿನ ಅಡಿಯದು ಹೊಸದರಂತೆ ಉಳಿದಿತ್ತು. ಕಪ್ಪು ಕಾರಿನಲ್ಲಂತೂ ನಮ್ಮ ಹೆಸರನ್ನು ಹತ್ತು ಹೆಜ್ಜೆ ದೂರದಿಂದ ಓದಬಹುದಿತ್ತು. ಪಾಲಿಶ್ ಹಾಕಿಸಿದ ಮೇಲೂ ಬೆಳಕು ಓರೆಯಾಗಿ ಬಿದ್ದಾಗ ಅಕ್ಷರಗಳು ಏಳುತ್ತಿದ್ದವು. ಕಂಬಕ್ಕೆ ಉಜ್ಜಿದ್ದ ಬಾಗಿಲಿನಲ್ಲಿ ಆದದ್ದು ಇನ್ನೂ ಕೆಟ್ಟದ್ದು. ಮತ್ತೆ ಬಣ್ಣ ಬಳಿದ ಬಾಗಿಲಿಗೆ ಸ್ಟಿಕ್ಕರ್ ಅಂಟಿಸುವ ಮೊದಲು ಬಣ್ಣ ಒಳಗಿನಿಂದ ಗಟ್ಟಿಯಾಗಲು ಕೆಲವು ವಾರ ಬಿಡಬೇಕು. ನಾನು ಮರುದಿನವೇ ಅಂಟಿಸಿದ್ದೆ. ಕಿತ್ತಾಗ ಸ್ಟಿಕ್ಕರಿನ ಜೊತೆ ಕ್ಲಿಯರ್ ಕೋಟ್ ಕೂಡ ಸಿಪ್ಪೆಯಂತೆ ಎದ್ದು ಬಂತು.

ಕೊಳ್ಳಲು ಬಂದವರು ಕಣ್ಣನ್ನು ನಂಬುವವರಲ್ಲ. ಜೇಬಿನಿಂದ ಪುಟ್ಟ ಮಾಪಕ ತೆಗೆದು ಮೈಗೆ ಒತ್ತುತ್ತ ಹೋದರು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪ, ಪರ್ಲ್ ಆದರೆ ಇನ್ನಷ್ಟು. ಎರಡು ಸಲ ಬಳಿಸಿಕೊಂಡ ನಮ್ಮ ಬಾಗಿಲು 400ರ ಹತ್ತಿರ ತೋರಿಸಿತು. ಬೆರೆಸುವುದಕ್ಕೆಂದು ಬಳಿದಿದ್ದ ಪಕ್ಕದ ಭಾಗಗಳು, ಗೀರೇ ಬಿದ್ದಿರದವು, 250 ತೋರಿಸಿದವು. “ಒಂದು ಇಡೀ ಬದಿಯೇ ಹೋಗಿತ್ತಲ್ಲವೇ?” ಎಂದರು. ಕಂಬ, ಅಂಗೈ ಅಗಲ, ಅಭ್ರಕದ ಪದರ ಎಂದೆಲ್ಲ ವಿವರಿಸಿದೆ. ಕಳ್ಳನ ವಿವರಣೆಯೂ ಹೀಗೆಯೇ ಇರುತ್ತದೆ ಎಂಬಂತೆ ನಕ್ಕರು. ಪರ್ಲಿಗೆಂದು ಕೊಟ್ಟಿದ್ದ ಹೆಚ್ಚುವರಿ ಹಣ ಹೋಗಲಿ, ಮಾಮೂಲಿ ಬಿಳಿಯ ಕಾರುಗಳಿಗೆ ಸಿಕ್ಕ ಬೆಲೆಯೂ ಅವಕ್ಕೆ ಸಿಗಲಿಲ್ಲ.

ಜರ್ಮನಿಯ ಟ್ಯಾಕ್ಸಿಯವರು ಈ ತೊಡಕಿಗೆ ದಾರಿ ಕಂಡುಕೊಂಡಿದ್ದಾರೆ. ಅಲ್ಲಿ 1971ರಿಂದ ಟ್ಯಾಕ್ಸಿಗಳಿಗೆ ರಾಲ್ 1015 ಎಂಬ ತಿಳಿ ದಂತವರ್ಣ ಕಡ್ಡಾಯವಾಗಿತ್ತು. ಆಮೇಲೆ ಹಲವು ರಾಜ್ಯಗಳು ಸಡಿಲಿಸಿವೆ. ದಂತವರ್ಣದ ಹಳೆಯ ಕಾರನ್ನು ಮನೆಗೆ ಕೊಳ್ಳುವವರು ಕಡಿಮೆ. ಆದ್ದರಿಂದ ಅನೇಕರು ಸುಲಭವಾಗಿ ಮಾರಾಟವಾಗುವ ಬಣ್ಣದ ಕಾರು ಕೊಂಡು, ಅದಕ್ಕೆ ಆ ಬಣ್ಣದ ವಿನೈಲ್ ಹೊದಿಕೆ ಹಾಕಿಸಿ, ಮಾರುವಾಗ ಸುಲಿದುಬಿಡುತ್ತಾರೆ. ಇಡೀ ಮೈ ಮುಚ್ಚಿರುವುದರಿಂದ ಅಕ್ಷರದ ನೆರಳು ಉಳಿಯುವ ತೊಂದರೆಯಿಲ್ಲ. ಹೊದಿಕೆ ಕಾರ್ಖಾನೆಯ ಮೂಲ ಬಣ್ಣದ ಮೇಲೆ ಮಾತ್ರ ಇರಬೇಕು, ಬಿಸಿಲಿಗೆ ಒಣಗಿ ಬಿರುಕು ಬಿಡುವ ಮೊದಲೇ ತೆಗೆಯಬೇಕು.

ಈ ಸಲ ಹತ್ತು ಕಾರುಗಳ ಆರ್ಡರ್ ಕಳುಹಿಸಿದ್ದೇನೆ: ಮಾಮೂಲಿ ಬಿಳಿ, ಕೋಡ್ ಸಮೇತ, ಹತ್ತೂ ಒಂದೇ ಸಲ ಬರುವುದಾದರೆ ಮಾತ್ರ. ಬಾಗಿಲ ಮೇಲೆ ಹೆಸರು ಬೇಡ, ಹಿಂದಿನ ಗಾಜಿನ ಮೂಲೆಯಲ್ಲಿ ಸಣ್ಣದಾಗಿ ಸಾಕು ಎಂದು ಮೇಲಿನವರನ್ನು ಒಪ್ಪಿಸಿದ್ದೇನೆ. ‘ಟ್ಯಾಕ್ಸಿಯಂತೆ ಕಾಣುತ್ತದೆಯಲ್ಲ’ ಎಂಬ ಮಾತು ಮತ್ತೆ ಬಂದಾಗ ಉತ್ತರ ಕೊಡಲಿಲ್ಲ. ಅವರನ್ನು ಕೆಳಗೆ ಕರೆದುಕೊಂಡು ಹೋಗಿ, ಯಾರೂ ಕೊಳ್ಳದೆ ಉಳಿದ ಆ ಕಾರಿನ ಬಲಬಾಗಿಲು ತೋರಿಸಿದೆ. ಆ ವಯಸ್ಸಾದ ಪೇಂಟರ್ ಕೊಟ್ಟ ನಾಲ್ಕು ತಗಡಿನ ತುಂಡುಗಳು ಈಗಲೂ ನನ್ನ ಮೇಜಿನ ಖಾನೆಯಲ್ಲಿವೆ.