ಸೆವಿಲ್ಲೆಯಲ್ಲಿ ಫ್ಲಾಮೆಂಕೋ: ಊಟದ ಜೊತೆಗೋ, ಊಟಕ್ಕೆ ಮೊದಲೋ?

ಸ್ಪೇನಿನ ಸೆವಿಲ್ಲೆಯಲ್ಲಿ ನಾನು, ಅಮ್ಮ ನಾಲ್ಕು ರಾತ್ರಿ ಇದ್ದೆವು. ಅದರಲ್ಲಿ ಮೂರು ರಾತ್ರಿ ಮೂರು ಕಡೆ ಫ್ಲಾಮೆಂಕೋ ನೋಡಿದೆವು. ಹಾಡು, ಗಿಟಾರ್, ಚಪ್ಪಾಳೆ, ಕಾಲಿನ ಬಡಿತ ಎಲ್ಲ ಸೇರಿದ ಅಲ್ಲಿನ ನೃತ್ಯ ಅದು. ಈಗ ಯಾರು ಕೇಳಿದರೂ ಹೇಳುವುದು ಒಂದೇ: ಊಟ, ನೃತ್ಯ ಎರಡನ್ನೂ ಒಂದೇ ಟಿಕೆಟ್‌ನಲ್ಲಿ ತಗೋಬೇಡಿ.

ಮೊದಲ ರಾತ್ರಿ ನಾವು ಮಾಡಿದ್ದು ಅದನ್ನೇ. ಇಂಥ ಜಾಗಗಳಿಗೆ ಅಲ್ಲಿ ‘ತಬ್ಲಾವ್’ ಅನ್ನುತ್ತಾರೆ. ದೊಡ್ಡ ವೇದಿಕೆ, ಜೋರು ಬಣ್ಣದ ಲಂಗಗಳು, ಕಲಾವಿದರೂ ಒಳ್ಳೆಯವರೇ. ಆದರೆ ಹಾಡು ಏರುವ ಹೊತ್ತಿಗೇ ತಟ್ಟೆ ಎತ್ತಲು ಬರುತ್ತಿದ್ದರು. ನಮ್ಮ ಟೇಬಲ್ ಬದಿಯಲ್ಲಿತ್ತು, ಕುಣಿಯುವವರ ಕಾಲೇ ಕಾಣುತ್ತಿರಲಿಲ್ಲ. ಫ್ಲಾಮೆಂಕೋದಲ್ಲಿ ಕಾಲು ಕಾಣದಿದ್ದರೆ ಅರ್ಧ ಹೋದ ಹಾಗೇ ಅಲ್ವಾ? ಸಸ್ಯಾಹಾರಿಗಳಿಗೆ ಸಿಕ್ಕಿದ್ದು ಬೇಯಿಸಿದ ತರಕಾರಿ. ದುಡ್ಡು ಮಾತ್ರ ಮರುದಿನದ ಶೋಗಿಂತ ಎರಡು ಪಟ್ಟಿಗೂ ಜಾಸ್ತಿ.

ಎರಡನೇ ಸಂಜೆ ಫ್ಲಾಮೆಂಕೋ ನೃತ್ಯ ಮ್ಯೂಸಿಯಂಗೆ ಹೋದೆವು. ಇದೇ ಊರಿನ ನರ್ತಕಿ ಕ್ರಿಸ್ಟೀನಾ ಓಯೋಸ್ 2006ರಲ್ಲಿ ಶುರು ಮಾಡಿದ್ದು. ಸುಮಾರು ಒಂದು ಗಂಟೆಯ ಶೋ, ಊಟ ಇಲ್ಲ. ಫ್ಲಾಮೆಂಕೋದ ಒಂದು ಪ್ರಕಾರವಾದ ‘ಸೊಲೆಯಾ’ ಶುರುವಾದಾಗ ಅಮ್ಮ ಅಭ್ಯಾಸಬಲದಿಂದ ತೊಡೆಯ ಮೇಲೆ ತಾಳ ಹಾಕತೊಡಗಿದರು. ಸ್ವಲ್ಪ ಹೊತ್ತಿಗೆ ಕೈ ನಿಂತಿತು. “ಆದಿತಾಳಕ್ಕೆ ಕೂರ್ತಿಲ್ಲ ಕಣೇ” ಎಂದು ಪಿಸುಗುಟ್ಟಿದರು. ಕೂರುವುದಿಲ್ಲ, ಏಕೆಂದರೆ ಅದು 12 ಎಣಿಕೆಯ ಸುತ್ತು. ಒತ್ತು ಬೀಳುವುದು 3, 6, 8, 10, 12ರ ಮೇಲೆ. ಅದು ಗೊತ್ತಾದ ಮೇಲೆ ಪಕ್ಕದಲ್ಲಿ ಚಪ್ಪಾಳೆ ತಟ್ಟುವವರ ಕೆಲಸ ಎಷ್ಟು ಕಷ್ಟದ್ದು ಅಂತ ತಿಳಿಯಿತು. ನರ್ತಕಿಯ ಶೂಗಳ ತುದಿಗೂ ಹಿಮ್ಮಡಿಗೂ ಸಣ್ಣ ಮೊಳೆಗಳ ಸಾಲು ಹೊಡೆದಿರುತ್ತಾರೆ. ಆ ಮೊಳೆ ಹಲಗೆಗೆ ಬಡಿದಾಗ ನಮ್ಮ ಕುರ್ಚಿಯೂ ನಡುಗುತ್ತಿತ್ತು. ಆಮೇಲೆ ಒಮ್ಮೆಲೇ ನಿಂತಳು. ಅವಳ ಉಸಿರು ಕೇಳಿಸುವಷ್ಟು ಮೌನ. ನನಗೆ ಕಣ್ಣು ತುಂಬಿ ಬಂತು.

ಮೂರನೆಯದು ಗ್ವಾದಲ್ಕಿವೀರ್ ನದಿಯಾಚೆಯ ತ್ರಿಯಾನಾದ ಒಂದು ಬಾರು. ಟಿಕೆಟ್ ಇಲ್ಲ, ಕುಡಿಯಲು ಏನಾದರೂ ತಗೊಂಡರೆ ಸಾಕು. ಊರಿನವರೇ ‘ಓಲೇ’ ಎನ್ನುತ್ತಾ ಹಾಡಿಗೆ ಹುರುಪು ತುಂಬುವುದು ಬೇರೆಲ್ಲೂ ಸಿಗಲಿಲ್ಲ. ಆದರೆ ಶುರುವಾಗಿದ್ದು ತಡರಾತ್ರಿ, ಅಷ್ಟು ಹೊತ್ತೂ ನಿಂತೇ ಇರಬೇಕು. ಕಾಲಿಗೆ ಶಕ್ತಿ ಇರುವವರು ಖಂಡಿತ ಹೋಗಿ. ಹಿರಿಯರ ಜೊತೆಗೆ ಬೇಡ.

ಹಗಲಿನ ಸುತ್ತಾಟದಲ್ಲೂ ಇಂಥದ್ದೇ ಪ್ರಶ್ನೆ ಬಂತು. ಊರನ್ನು ಮೇಲಿಂದ ನೋಡಲು ಹಿರಾಲ್ದಾ ಗೋಪುರವೋ, 2011ರಲ್ಲಿ ತೆರೆದ ಮರದ ‘ಸೆತಾಸ್’ ಚಾವಣಿಯೋ? ನನ್ನ ಮಟ್ಟಿಗೆ ಹಿರಾಲ್ದಾ. ಹಿಂದೆ ಮಸೀದಿಯ ಮಿನಾರ್ ಆಗಿದ್ದ ಇದರೊಳಗೆ ಹತ್ತುವುದು ಇಳಿಜಾರು ದಾರಿಯಲ್ಲಿ, ಕೊನೆಗೆ ಮಾತ್ರ ಒಂದಷ್ಟು ಮೆಟ್ಟಿಲು. ಮಂಡಿನೋವಿನ ಅಮ್ಮನೂ ನಿಧಾನಕ್ಕೆ ಹತ್ತಿದರು.

ಊಟದ ಚಿಂತೆ ಬೇಡ. ಅಲ್ಲಿಯವರು ರಾತ್ರಿ ಊಟಕ್ಕೆ ಕೂರುವುದೇ ಒಂಬತ್ತರ ಮೇಲೆ. ಏಳಕ್ಕೆ ಶೋ ನೋಡಿ ಆರಾಮಾಗಿ ತಾಪಾಸ್ (ಸಣ್ಣ ತಟ್ಟೆಯ ತಿನಿಸು) ಅಂಗಡಿಗೆ ಹೋಗಬಹುದು. ‘ಎಸ್ಪಿನಾಕಾಸ್ ಕೋನ್ ಗರ್ಬಾನ್ಸೋಸ್’ ಕೇಳಿ. ಪಾಲಕ್, ಕಾಬೂಲಿ ಕಡಲೆ, ಬೆಳ್ಳುಳ್ಳಿ, ಜೀರಿಗೆ. ಬಾಯಿಗಿಟ್ಟರೆ ಮನೆಯ ಪಲ್ಯದ ನೆನಪು. ತಣ್ಣನೆಯ ಟೊಮೆಟೊ ಸೂಪ್ ‘ಸಾಲ್ಮೊರೇಹೋ’ ಕೂಡ ಬಹಳ ಚೆನ್ನ. ಮೇಲೆ ಹಂದಿಮಾಂಸ, ಮೊಟ್ಟೆ ಉದುರಿಸುತ್ತಾರೆ. ಬೇಡದವರು ಮೊದಲೇ ‘ಸಿನ್ ಹಮೋನ್, ಸಿನ್ ವೇವೋ’ ಅನ್ನಿ.